‘ಕಫಾಲಾ ರದ್ದು’ ಎಂಬ ಸುದ್ದಿ: ಮನೆಗೆಲಸಕ್ಕೆ ಹೋದ ಹೆಂಗಸಿಗೆ ಬದಲಾದದ್ದೇನು?

ವಿದೇಶಿ ಕೆಲಸಗಾರರನ್ನು ಸ್ಥಳೀಯ ಮಾಲೀಕನಿಗೆ ಕಟ್ಟಿಹಾಕುವ ‘ಕಫಾಲಾ’ ಪದ್ಧತಿ ಸೌದಿ ಅರೇಬಿಯಾದಲ್ಲಿ ರದ್ದಾಯಿತು ಎಂಬ ಸುದ್ದಿ 2025ರ ಅಕ್ಟೋಬರ್‌ನಲ್ಲಿ ನಮ್ಮ ಪತ್ರಿಕೆ, ಟಿ.ವಿ., ವಾಟ್ಸ್ಆ್ಯಪ್ ಗುಂಪುಗಳಲ್ಲೆಲ್ಲ ಓಡಾಡಿತು. ಅದೇ ವರ್ಷ ಜುಲೈ 1ರಿಂದ ಪಕ್ಕದ ಕುವೈತ್ ಇದಕ್ಕೆ ತದ್ವಿರುದ್ಧವಾದ ನಿಯಮ ತಂದಿತ್ತು. ಖಾಸಗಿ ಕಂಪನಿಗಳ ವಿದೇಶಿ ನೌಕರರು ದೇಶ ಬಿಡುವ ಮುನ್ನ ಮಾಲೀಕರ ಒಪ್ಪಿಗೆ ಇರುವ ನಿರ್ಗಮನ ಪರವಾನಗಿ ಪಡೆಯಲೇಬೇಕು ಎಂಬುದು ಆ ನಿಯಮ. ಈ ನಡುವೆ ನಮ್ಮ ವಿದೇಶಾಂಗ ಸಚಿವಾಲಯವೂ 1983ರ ವಲಸೆ ಕಾಯ್ದೆಯ ಬದಲಿಗೆ ಹೊಸ ಮಸೂದೆಯ ಕರಡನ್ನು ಸಾರ್ವಜನಿಕರ ಮುಂದಿಟ್ಟಿತು.

ಮೂರನ್ನೂ ಒಟ್ಟಿಗೆ ಓದಿದವರಿಗೆ ತಲೆ ಕೆಡುವುದು ಸಹಜ. ಗಲ್ಫ್ ಈಗ ಸುರಕ್ಷಿತವೋ ಅಲ್ಲವೋ? ಕಂಪನಿ ಕೆಲಸಕ್ಕೆ ಹೋದ ಗಂಡಸಿನ ಮಟ್ಟಿಗೆ ಸೌದಿಯಲ್ಲಿ 2021ರಿಂದಲೇ ಒಂದಷ್ಟು ಬದಲಾಗಿದೆ. ಮನೆಗೆಲಸಕ್ಕೆ ಹೋದ ಹೆಂಗಸಿನ ಮಟ್ಟಿಗೆ ಕಾಗದದ ಮೇಲೆ ಕೆಲವು ಸಾಲುಗಳು ಸೇರಿವೆ, ಆದರೆ ಮುಖ್ಯ ಬೀಗಗಳು ಇನ್ನೂ ಮಾಲೀಕನ ಕೈಯಲ್ಲೇ ಇವೆ. ಹೀಗೇಕೆ ಎಂದು ತಿಳಿಯಬೇಕಾದರೆ ಕಫಾಲಾ ಹೇಗೆ ಕೆಲಸ ಮಾಡುತ್ತದೆ ಎಂಬುದರಿಂದಲೇ ಶುರು ಮಾಡಬೇಕು.

ರದ್ದು ಮಾಡಲು ಅದು ಒಂದು ಕಾಯ್ದೆಯಲ್ಲ

ಕಫಾಲಾ ಎಂಬ ಹೆಸರಿನ ಒಂದೇ ಕಾನೂನು ಎಲ್ಲೂ ಇಲ್ಲ. ವೀಸಾ ನಿಯಮ, ವಾಸದ ಪರವಾನಗಿಯ (ಇಖಾಮಾ) ನಿಯಮ, ಕಾರ್ಮಿಕ ಇಲಾಖೆಯ ಸುತ್ತೋಲೆ, ಪೊಲೀಸ್ ಠಾಣೆಯ ರೂಢಿ ಎಲ್ಲ ಸೇರಿ ಆಗಿರುವ ವ್ಯವಸ್ಥೆ ಅದು. ಒಬ್ಬ ಸ್ಥಳೀಯ ಪ್ರಾಯೋಜಕ, ಅಂದರೆ ಕಫೀಲ್, ವಿದೇಶಿ ಕೆಲಸಗಾರರ ಹೊಣೆ ಹೊರುತ್ತಾನೆ. ಅದಕ್ಕೆ ಪ್ರತಿಯಾಗಿ ಅವನಿಗೆ ಮೂರು ಅಧಿಕಾರಗಳು ಸಿಗುತ್ತವೆ: ಇಖಾಮಾ ಮಾಡಿಸುವುದು ಮತ್ತು ನವೀಕರಿಸುವುದು, ಬೇರೆಯವರ ಬಳಿ ಕೆಲಸಕ್ಕೆ ಸೇರಲು ಒಪ್ಪಿಗೆ ಕೊಡುವುದು ಅಥವಾ ತಡೆಯುವುದು, ದೇಶ ಬಿಟ್ಟು ಹೋಗಲು ಅನುಮತಿ ಕೊಡುವುದು. ನಾಲ್ಕನೆಯದೊಂದು ಕಾನೂನಿನಲ್ಲಿಲ್ಲ, ರೂಢಿಯಲ್ಲಿದೆ: ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು.

ಆದ್ದರಿಂದ ‘ಸುಧಾರಣೆ’ ಎಂಬ ಸುದ್ದಿ ಬಂದಾಗಲೆಲ್ಲ ಕೇಳಬೇಕಾದದ್ದು ಇಷ್ಟೇ: ಈ ಅಧಿಕಾರಗಳಲ್ಲಿ ಯಾವುದು ಹೋಯಿತು, ಯಾರ ಪಾಲಿಗೆ ಹೋಯಿತು?

ಸೌದಿ 2021ರ ಮಾರ್ಚ್‌ನಲ್ಲಿ ತಂದ ಬದಲಾವಣೆಯಲ್ಲಿ ಕೆಲಸಗಾರರು ಒಂದು ವರ್ಷ ಮುಗಿಸಿದ ಮೇಲೆ ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಬಹುದಾಯಿತು, ಅವನನ್ನು ಕೇಳದೆ ಊರಿಗೆ ಹೋಗಿಬರಬಹುದಾಯಿತು. ಆದರೆ ಇದು ಆ ದೇಶದ ಕಾರ್ಮಿಕ ಕಾನೂನಿನ ವ್ಯಾಪ್ತಿಗೆ ಬರುವವರಿಗೆ ಮಾತ್ರ. ಮನೆಗೆಲಸದವರು, ಮನೆಯ ಡ್ರೈವರ್, ತೋಟದ ಮಾಲಿ, ಕುರಿ ಕಾಯುವವರು ಆ ಕಾನೂನಿನ ಹೊರಗಿದ್ದಾರೆ. ಅಂದರೆ ಕಫಾಲಾ ಯಾರನ್ನು ಹೆಚ್ಚು ಬಿಗಿಯಾಗಿ ಹಿಡಿದಿದೆಯೋ ಅವರನ್ನೇ ಬಿಟ್ಟು ಸುಧಾರಣೆ ಮುಂದೆ ಹೋಯಿತು.

ಮನೆಗೆಲಸದವರಿಗಾಗಿ ಸೌದಿ ಪ್ರತ್ಯೇಕ ನಿಯಮಾವಳಿ ಮಾಡಿ 2024ರ ಅಕ್ಟೋಬರ್‌ನಿಂದ ಜಾರಿಗೆ ತಂದಿದೆ. ದಿನಕ್ಕೆ ಹೆಚ್ಚೆಂದರೆ 10 ಗಂಟೆ ಕೆಲಸ, ವಾರಕ್ಕೊಂದು ಪೂರ್ಣ ದಿನ ರಜೆ, ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ ಎಂದೆಲ್ಲ ಅದರಲ್ಲಿದೆ. ಸಂಬಳವನ್ನು ಕೈಗೆ ಕೊಡದೆ ‘ಮುಸಾನೆದ್’ ಎಂಬ ಸರ್ಕಾರಿ ಜಾಲತಾಣದ ಮೂಲಕವೇ ಪಾವತಿಸಬೇಕೆಂಬ ನಿಯಮವನ್ನು 2024ರ ಜುಲೈನಿಂದ ಹಂತಹಂತವಾಗಿ ವಿಸ್ತರಿಸಿ, 2026ರ ಜನವರಿ 1ಕ್ಕೆ ಎಲ್ಲ ಮನೆಗಳಿಗೂ ಅನ್ವಯವಾಗುವಂತೆ ವೇಳಾಪಟ್ಟಿ ಹಾಕಲಾಯಿತು. ಇದು ಸಣ್ಣ ವಿಷಯವಲ್ಲ. ‘ಸಂಬಳ ಕೊಟ್ಟಿದ್ದೇನೆ’, ‘ಕೊಟ್ಟಿಲ್ಲ’ ಎಂಬ ಜಗಳದಲ್ಲಿ ದಾಖಲೆ ಹುಟ್ಟುವುದು ಇಲ್ಲಿಯೇ. ಆದರೂ ಮಾಲೀಕ ಸಹಿ ಹಾಕದೆ ಆಕೆಗೆ ನಿರ್ಗಮನ ವೀಸಾ ಸಿಗುವುದಿಲ್ಲ ಎಂಬ ಮೂಲಗಂಟು ಹಾಗೇ ಉಳಿದಿದೆ.

ಈ ವಿಷಯದಲ್ಲಿ ಹೆಚ್ಚು ದೂರ ಹೋಗಿರುವುದು ಕತಾರ್. 2020ರ ಜನವರಿಯಲ್ಲಿ ಮನೆಗೆಲಸದವರಿಗೂ ನಿರ್ಗಮನ ಪರವಾನಗಿ ತೆಗೆದುಹಾಕಿತು, ಆದರೆ ಹೊರಡುವ 72 ಗಂಟೆ ಮೊದಲು ಮಾಲೀಕರಿಗೆ ತಿಳಿಸಬೇಕು. 2021ರ ಮಾರ್ಚ್‌ನಿಂದ 1,000 ರಿಯಾಲ್ ಕನಿಷ್ಠ ವೇತನ ಅವರಿಗೂ ಅನ್ವಯ. ಕುವೈತ್ 2015ರಲ್ಲೇ ಮನೆಗೆಲಸದವರಿಗೆ ಪ್ರತ್ಯೇಕ ಕಾಯ್ದೆ ಮಾಡಿತು: 12 ಗಂಟೆಯ ಮಿತಿ, ವಾರದ ರಜೆ, ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ, ಸಂಬಳ ತಡವಾದರೆ ತಿಂಗಳಿಗೆ 10 ದಿನಾರ್ ಹೆಚ್ಚುವರಿ. ಓದಲು ಒಳ್ಳೆಯ ಕಾಯ್ದೆ. ಅದು ಪಾಲನೆಯಾಗುತ್ತಿದೆಯೇ ಎಂದು ಮನೆಯೊಳಗೆ ಹೋಗಿ ನೋಡುವ ವ್ಯವಸ್ಥೆಯನ್ನು ಮಾತ್ರ ಅದು ಮಾಡಿಲ್ಲ.

ಕೆಲಸದ ಜಾಗವೇ ವಾಸದ ಮನೆಯಾದಾಗ

ಕಟ್ಟಡದ ಕೆಲಸಗಾರ ಕ್ಯಾಂಪ್‌ನಲ್ಲಿ ಇತರರ ಜೊತೆ ಮಲಗುತ್ತಾನೆ. ಸಂಬಳ ಬರದಿದ್ದರೆ ಎಲ್ಲರಿಗೂ ಬಂದಿರುವುದಿಲ್ಲ, ಎಲ್ಲರೂ ಒಟ್ಟಿಗೆ ಗಲಾಟೆ ಮಾಡಬಹುದು. ಮನೆಗೆಲಸದವಳು ಒಬ್ಬಳೇ. ಅವಳ ಕೆಲಸದ ಜಾಗಕ್ಕೆ ಕಾರ್ಮಿಕ ಇನ್ಸ್‌ಪೆಕ್ಟರ್ ಬಾಗಿಲು ಬಡಿದು ಬರುವಂತಿಲ್ಲ, ಏಕೆಂದರೆ ಅದು ಒಂದು ಕುಟುಂಬದ ಖಾಸಗಿ ಮನೆ.

ಗಂಟೆಗಳ ಮಿತಿ ಹೇಗೆ ಮುರಿಯುತ್ತದೆ ನೋಡಿ. ಮಕ್ಕಳನ್ನು ಶಾಲೆಗೆ ಹೊರಡಿಸಲು ಬೆಳಿಗ್ಗೆ 5ಕ್ಕೆ ಏಳಬೇಕು. ಮಧ್ಯಾಹ್ನದ ಅಡುಗೆ, ಪಾತ್ರೆ, ಇಸ್ತ್ರಿ, ಎರಡು ಮಹಡಿಯ ನೆಲ. ಆ ಊರುಗಳಲ್ಲಿ ಬಿಸಿಲಿಗೆ ಜನ ಓಡಾಡುವುದೇ ರಾತ್ರಿ, ಆದ್ದರಿಂದ ನೆಂಟರು ಬರುವುದೂ ರಾತ್ರಿ. ಅವರು ಎದ್ದು ಹೋಗಿ ಲೋಟಗಳನ್ನು ತೊಳೆದಿಡುವ ಹೊತ್ತಿಗೆ ಗಂಟೆ 12 ದಾಟಿರುತ್ತದೆ. ನಡುವೆ ಮಗು ಅತ್ತರೆ ಎದ್ದವಳೂ ಅವಳೇ. ಶುಕ್ರವಾರ ವಾರದ ರಜೆ ಎಂದು ನಿಯಮ ಹೇಳಬಹುದು, ಆದರೆ ಇಡೀ ಕುಟುಂಬ ಅಜ್ಜಿಯ ಮನೆಯಲ್ಲಿ ಸೇರಿ ಉಣ್ಣುವ ದಿನವೂ ಅದೇ. ಅಂದರೆ ವಾರದಲ್ಲೇ ಹೆಚ್ಚು ಅಡುಗೆ, ಹೆಚ್ಚು ಪಾತ್ರೆ ಬೀಳುವ ದಿನ. ರಮಜಾನ್‌ನಲ್ಲಿ ಸಂಜೆಯ ಇಫ್ತಾರ್, ನಸುಕಿನ ಸಹರಿ ಎರಡಕ್ಕೂ ಒಲೆ ಹಚ್ಚಬೇಕು. ಹೀಗೆ 10 ಅಥವಾ 12 ಗಂಟೆ ಎಂಬ ಮಿತಿಯನ್ನು ಅಳೆಯುವ ಗಡಿಯಾರವೇ ಆ ಮನೆಯಲ್ಲಿ ಇರುವುದಿಲ್ಲ. ಹಾಜರಿ ಪುಸ್ತಕವಿಲ್ಲ, ಸಹೋದ್ಯೋಗಿಯ ಸಾಕ್ಷಿಯಿಲ್ಲ.

ಮಾಲೀಕಿತಿಯ ತಂಗಿಯ ಮನೆಗೋ ತಾಯಿಯ ಮನೆಗೋ ‘ಎರಡು ದಿನ ಹೋಗಿ ಬಾ’ ಎಂದು ಕಳುಹಿಸುವುದು ಇನ್ನೊಂದು ಸಾಮಾನ್ಯ ದೂರು. ಒಂದು ಸಂಬಳಕ್ಕೆ ಎರಡು ಮೂರು ಮನೆಯ ಕೆಲಸ.

ಫೋನ್ ಕಿತ್ತುಕೊಂಡರೆ ಹೊರಜಗತ್ತು ಪೂರ್ತಿ ಮುಚ್ಚಿತು. ಎಷ್ಟೋ ಮನೆಗಳಲ್ಲಿ ಫೋನ್ ಕಿತ್ತುಕೊಳ್ಳುವುದೂ ಇಲ್ಲ, ವೈಫೈ ಪಾಸ್‌ವರ್ಡ್ ಬದಲಿಸುತ್ತಾರೆ. ಸಿಮ್‌ಗೆ ದುಡ್ಡು ಹಾಕಿಸಲು ಅವಳು ಹೊರಗೆ ಹೋಗುವಂತಿಲ್ಲವಾದ್ದರಿಂದ ಪರಿಣಾಮ ಒಂದೇ.

ಜಾಲ ಹೆಣೆಯುವುದು ಇಲ್ಲಿ

ಎಲ್ಲವನ್ನೂ ಅರಬ್ ಮಾಲೀಕನ ಕ್ರೌರ್ಯದ ಲೆಕ್ಕಕ್ಕೆ ಬರೆದುಬಿಡುವುದು ನಮಗೆ ಅನುಕೂಲ. ಆದರೆ ಆಕೆ ಬಲಹೀನಳಾಗಿ ಆ ಮನೆಯೊಳಗೆ ಕಾಲಿಡುವಂತೆ ಮಾಡುವ ಕಾಗದಪತ್ರಗಳು ತಯಾರಾಗುವುದು ಭಾರತದಲ್ಲಿ.

ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ‘ಇಸಿಆರ್’ (ವಲಸೆ ತಪಾಸಣೆ ಕಡ್ಡಾಯ ಎಂಬ ಮುದ್ರೆಯ) ಪಾಸ್‌ಪೋರ್ಟ್ ಸಿಗುತ್ತದೆ. ಅಂಥವರು ಗಲ್ಫ್ ದೇಶಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ವಲಸಿಗರ ಸಂರಕ್ಷಣಾಧಿಕಾರಿಯಿಂದ ಅನುಮತಿ ಪಡೆಯಬೇಕು. ಹೆಂಗಸಾದರೆ ಇನ್ನೆರಡು ಷರತ್ತು: 30 ವರ್ಷ ತುಂಬಿರಬೇಕು, ಮತ್ತು 2016ರಿಂದ ಖಾಸಗಿ ಏಜೆಂಟರ ಮೂಲಕ ಹೋಗುವಂತಿಲ್ಲ, ಸರ್ಕಾರಿ ನೇಮಕಾತಿ ಸಂಸ್ಥೆಗಳ ಮೂಲಕವೇ ಹೋಗಬೇಕು. ಕೇರಳದ ನೋರ್ಕಾ ರೂಟ್ಸ್, ತಮಿಳುನಾಡಿನ ಸಾಗರೋತ್ತರ ಮಾನವಶಕ್ತಿ ನಿಗಮ, ತೆಲಂಗಾಣದ ಟಾಮ್‌ಕಾಮ್ ಇಂಥವು. ಈ ದಾರಿಯಲ್ಲಿ ಹೋದರೆ ಒಪ್ಪಂದದ ಪ್ರತಿ ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ಆನ್‌ಲೈನ್ ವ್ಯವಸ್ಥೆಯಲ್ಲಿ ಉಳಿಯುತ್ತದೆ. 275 ರೂಪಾಯಿಗೆ ಎರಡು ವರ್ಷ, 375 ರೂಪಾಯಿಗೆ ಮೂರು ವರ್ಷದ ‘ಪ್ರವಾಸಿ ಭಾರತೀಯ ಬಿಮಾ ಯೋಜನೆ’ಯ 10 ಲಕ್ಷ ರೂಪಾಯಿ ವಿಮೆ ಇರುತ್ತದೆ. ಹೊರಡುವ ಮುನ್ನ ಒಂದು ದಿನದ ತಿಳಿವಳಿಕೆ ತರಬೇತಿಯೂ ಇದೆ.

ತೊಂದರೆಯೆಂದರೆ ಆ ದಾರಿಯಲ್ಲಿ ಓಡಾಟ ಕಡಿಮೆ, ಕಾಯುವುದು ಹೆಚ್ಚು. ಮಾಲೀಕರಿಗೂ ಅದರ ಕಾಗದದ ಕೆಲಸ ಬೇಡ. ಆಗ ಊರಿನ ಸಬ್ ಏಜೆಂಟ್ ಬರುತ್ತಾನೆ. ಹೆಚ್ಚಾಗಿ ಪರಿಚಯದವನೇ, ಕೆಲವೊಮ್ಮೆ ಹಿಂದೆ ಗಲ್ಫ್‌ನಲ್ಲಿ ದುಡಿದು ಬಂದ ಹೆಂಗಸೇ. ಅವರು ತೋರಿಸುವುದು ಅಡ್ಡದಾರಿ: ದುಬೈಗೋ ಮಸ್ಕತ್‌ಗೋ ವಿಸಿಟ್ ವೀಸಾ. ಪ್ರವಾಸಕ್ಕೆ ಹೋಗುವವರಿಗೆ ವಲಸೆ ಅನುಮತಿ ಬೇಕಿಲ್ಲವಲ್ಲ. ವಿಮಾನ ನಿಲ್ದಾಣದಲ್ಲಿ ‘ಅಕ್ಕನ ಮನೆಗೆ ಹೋಗುತ್ತಿದ್ದೇನೆ’ ಎನ್ನಲು ಹೇಳಿಕೊಡುತ್ತಾರೆ, ಹೋಟೆಲ್ ಬುಕಿಂಗ್, ವಾಪಸಾತಿ ಟಿಕೆಟ್ ಕೈಗಿಡುತ್ತಾರೆ, ಆಮೇಲೆ ಟಿಕೆಟ್ ರದ್ದು ಮಾಡುತ್ತಾರೆ. ವಯಸ್ಸು 30 ಆಗದಿದ್ದರೆ ದಾಖಲೆಯಲ್ಲಿ ಹುಟ್ಟಿದ ವರ್ಷವೇ ಬದಲಾಗುತ್ತದೆ. ಇಲ್ಲದ ಹತ್ತನೇ ತರಗತಿಯ ಅಂಕಪಟ್ಟಿ ಹುಟ್ಟಿಕೊಂಡು, ಇಸಿಆರ್ ಮುದ್ರೆಯಿಲ್ಲದ ಪಾಸ್‌ಪೋರ್ಟ್ ಬರುತ್ತದೆ.

ಅಲ್ಲಿ ಇಳಿದವಳನ್ನು ಕರೆದೊಯ್ಯುವುದು ನೇಮಕಾತಿ ಕಚೇರಿಗೆ, ಅಂದರೆ ಮಕ್ತಬ್‌ಗೆ, ಇಲ್ಲವೇ ಒಂದು ಫ್ಲ್ಯಾಟಿಗೆ. ಮಾಲೀಕರು ಬಂದು ನೋಡಿ ಆರಿಸುತ್ತಾರೆ. ಆರಿಸಿದವರ ದೇಶ ಬೇರೆಯಾದರೆ ಅಲ್ಲಿಂದ ಮತ್ತೊಂದು ವೀಸಾ. ಎಷ್ಟೋ ಮನೆಗಳಲ್ಲಿ ‘ಅವಳು ದುಬೈನಲ್ಲಿದ್ದಾಳೆ’ ಎಂದು ನಂಬಿಕೊಂಡಿರುತ್ತಾರೆ, ಅವಳು ಇರುವುದು ಬೇರೆ ದೇಶದಲ್ಲಿ. ವಿಸಿಟ್ ವೀಸಾವನ್ನು ಅಲ್ಲೇ ಕೆಲಸದ ವೀಸಾ ಮಾಡಿಕೊಳ್ಳುವ ಅವಕಾಶವನ್ನು ಒಮಾನ್ 2023ರ ಅಕ್ಟೋಬರ್ ಕೊನೆಯಲ್ಲಿ ನಿಲ್ಲಿಸಿತು, ಆದರೂ ಏಜೆಂಟರ ಬಾಯಲ್ಲಿ ‘ಅಲ್ಲಿ ಹೋಗಿ ಬದಲಿಸಿಕೊಳ್ಳಬಹುದು’ ಎಂಬ ಮಾತು ಮಾತ್ರ ನಿಂತಿಲ್ಲ.

ಈ ದಾರಿಯ ನಷ್ಟ ಮೊದಲ ದಿನ ಕಾಣುವುದಿಲ್ಲ. ಮಾಲೀಕ ಯಾರು, ಸಂಬಳ ಎಷ್ಟು, ವಿಳಾಸ ಯಾವುದು ಎಂಬುದು ಭಾರತದ ಯಾವ ಕಡತದಲ್ಲೂ ಇರುವುದಿಲ್ಲ. ವಿಮೆಯಿಲ್ಲ. ಅಲ್ಲಿಯೂ ಅವಳು ಅಕ್ರಮವಾಸಿ, ಹಾಗಾಗಿ ಪೊಲೀಸರ ಹತ್ತಿರ ಹೋಗಲು ಅವಳಿಗೇ ಹೆದರಿಕೆ. ಏಜೆಂಟನಿಗೆ ಬೇಕಿರುವುದೂ ಈ ಹೆದರಿಕೆಯೇ.

750 ದಿನಾರ್‌ನ ಲೆಕ್ಕ

ಮಾಲೀಕರು ಬಾಗಿಲಿಗೆ ಬೀಗ ಹಾಕುವುದೇಕೆ ಎಂಬ ಪ್ರಶ್ನೆಗೆ ‘ಕೆಟ್ಟವರು’ ಎಂಬುದು ಅರ್ಧ ಉತ್ತರ ಮಾತ್ರ. ಇನ್ನರ್ಧ ಹಣದ ಲೆಕ್ಕ.

ಏಷ್ಯಾದಿಂದ ಮನೆಗೆಲಸದವರನ್ನು ತರಿಸುವ ವೆಚ್ಚಕ್ಕೆ ಕುವೈತ್ 2024ರಲ್ಲಿ ವಿಮಾನ ಟಿಕೆಟ್ ಸೇರಿ 750 ದಿನಾರ್ ಮಿತಿ ಹಾಕಿತು. ಇದನ್ನು ಮಾಲೀಕರು ನೇಮಕಾತಿ ಕಚೇರಿಗೆ ಮುಂಗಡವಾಗಿ ಕೊಡಬೇಕು. ಕಾನೂನಿನ ಪ್ರಕಾರ ಅಲ್ಲಿ ಮನೆಗೆಲಸದವರ ಕನಿಷ್ಠ ವೇತನ ತಿಂಗಳಿಗೆ 60 ದಿನಾರ್ (ಭಾರತ ತನ್ನವರಿಗೆ ನಿಗದಿ ಮಾಡಿರುವುದು ಇದಕ್ಕಿಂತ ಹೆಚ್ಚು). 60ರ ಲೆಕ್ಕ ಹಿಡಿದರೆ ಅವಳು ಮನೆಗೆ ಬರುವ ಮೊದಲೇ ಮಾಲೀಕರು ಹನ್ನೆರಡೂವರೆ ತಿಂಗಳ ಸಂಬಳದಷ್ಟು ಹಣ ಸುರಿದಿರುತ್ತಾರೆ. ಅವಳು ಆರನೇ ತಿಂಗಳಿಗೆ ಬಿಟ್ಟು ಹೋದರೆ ಹಣ ಮುಳುಗಿತು. ‘ದುಡ್ಡು ಕೊಟ್ಟು ತಂದಿದ್ದೇನೆ’ ಎಂಬ ಮಾತು ಹುಟ್ಟುವುದು ಇಲ್ಲಿಂದ. ಅವಳ ಕೈಗೆ ಅದರಲ್ಲಿ ಒಂದು ದಿನಾರ್ ಕೂಡ ಬಂದಿರುವುದಿಲ್ಲ.

ಕಚೇರಿಯ ಲೆಕ್ಕ ಇನ್ನೂ ವಿಚಿತ್ರ. ಅಲ್ಲಿನ ನಿಯಮದಲ್ಲಿ ಆರು ತಿಂಗಳ ಗ್ಯಾರಂಟಿ ಅವಧಿ ಇದೆ. ಅದರೊಳಗೆ ಅವಳು ಕೆಲಸ ಮಾಡಲು ಒಪ್ಪದಿದ್ದರೆ ಮಾಲೀಕರು ಅವಳನ್ನು ಕಚೇರಿಗೆ ವಾಪಸು ಬಿಟ್ಟು ಹಣ ಕೇಳಬಹುದು. ಹಾಗಾಗಿ ಮೊದಲ ಆರು ತಿಂಗಳಲ್ಲಿ ‘ಇಲ್ಲಿ ಆಗುತ್ತಿಲ್ಲ’ ಎಂದವಳನ್ನು ಸಮಾಧಾನ ಮಾಡಿಯೋ, ಬೆದರಿಸಿಯೋ, ಹೊಡೆದೋ ಅದೇ ಮನೆಗೆ ಹಿಂದಿರುಗಿಸುವುದು ಕಚೇರಿಗೆ ಲಾಭ. ಆರು ತಿಂಗಳು ಕಳೆದ ಮೇಲೆ ಅವಳು ಕಚೇರಿಯ ಹೊಣೆಯಲ್ಲ, ಕರೆ ಮಾಡಿದರೂ ಎತ್ತುವುದಿಲ್ಲ. ಈಗ ನಷ್ಟದ ಭಯ ಮಾಲೀಕರಿಗೆ. ಆರು ತಿಂಗಳ ಮುಂಚೆ ಕಚೇರಿ, ಆಮೇಲೆ ಮನೆ, ಹೀಗೆ ಅವಳನ್ನು ಹಿಡಿದಿಡುವ ಕೈ ಬದಲಾಗುತ್ತದೆ ಅಷ್ಟೆ.

ಇತ್ತ ಭಾರತದಲ್ಲಿ ನೋಂದಾಯಿತ ಏಜೆಂಟ್ ಕೆಲಸಗಾರರಿಂದ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಮನೆಗೆಲಸದ ವ್ಯವಹಾರದಲ್ಲಿ ಅಕ್ರಮ ಏಜೆಂಟರು ಎಷ್ಟೋ ಸಲ ಉಲ್ಟಾ ಮಾಡುತ್ತಾರೆ. ‘ನೀವೇನೂ ಕೊಡಬೇಡಿ’ ಎಂದು ಮನೆಯವರ ಕೈಗೇ ಸ್ವಲ್ಪ ಮುಂಗಡ ಇಡುತ್ತಾರೆ. ವಾಪಸು ಬರುತ್ತೇನೆ ಎಂದ ದಿನ ಅದೇ ಮುಂಗಡ, ಟಿಕೆಟ್, ವೀಸಾ ಖರ್ಚೆಲ್ಲ ಕೂಡಿ ಲಕ್ಷಗಳ ಬಾಕಿಯಾಗಿ ನಿಲ್ಲುತ್ತದೆ.

ಕಷ್ಟದ ಕೆಲಸವೋ, ಬಲವಂತದ ದುಡಿಮೆಯೋ

ಕೆಲಸ ಹೆಚ್ಚು, ಸಂಬಳ ಕಡಿಮೆ ಎಂದ ಮಾತ್ರಕ್ಕೆ ಅದು ಬಲವಂತದ ದುಡಿಮೆ ಆಗುವುದಿಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1930ರ 29ನೇ ಒಡಂಬಡಿಕೆ ಎರಡು ಅಂಶ ನೋಡುತ್ತದೆ: ದಂಡನೆಯ ಬೆದರಿಕೆ ಇದೆಯೇ, ಆಕೆ ಸ್ವಇಚ್ಛೆಯಿಂದ ಒಪ್ಪಿದ್ದಾಳೆಯೇ. ಗುರುತಿಸಲು ಸುಲಭವಾಗಲೆಂದು ಸಂಘಟನೆ 11 ಲಕ್ಷಣಗಳನ್ನು ಪಟ್ಟಿ ಮಾಡಿದೆ. ಮೋಸ, ಓಡಾಟಕ್ಕೆ ತಡೆ, ಒಂಟಿಯಾಗಿಸುವುದು, ಗುರುತಿನ ದಾಖಲೆ ಇಟ್ಟುಕೊಳ್ಳುವುದು, ಸಂಬಳ ತಡೆಹಿಡಿಯುವುದು, ಸಾಲದ ಬಂಧನ, ಬೆದರಿಕೆ, ದೈಹಿಕ ಅಥವಾ ಲೈಂಗಿಕ ಹಿಂಸೆ, ಮಿತಿಮೀರಿದ ದುಡಿತ ಇವೆಲ್ಲ ಅದರಲ್ಲಿವೆ. ಮೇಲೆ ಹೇಳಿದ ಮನೆಯಲ್ಲಿ ಒಂದು ಪೆಟ್ಟೂ ಬೀಳದೆ ಇವುಗಳಲ್ಲಿ ಐದಾರು ಸೇರಿಬಿಡಬಹುದು.

‘ಒಪ್ಪಿಯೇ ಹೋದಳಲ್ಲ’ ಎಂಬ ವಾದ ಪೊಲೀಸ್ ಠಾಣೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅದು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಹೋಗಲು ಒಪ್ಪಿದ್ದು ಬೇರೆ, ಹೊರಬರಲಾಗದಂತೆ ದುಡಿಯಲು ಒಪ್ಪುವುದು ಬೇರೆ. ಸಂವಿಧಾನದ 23ನೇ ವಿಧಿಯ ‘ಬಲವಂತ’ದಲ್ಲಿ ಬೇರೆ ದಾರಿಯೇ ಇಲ್ಲದಂತೆ ಮಾಡುವ ಆರ್ಥಿಕ ಒತ್ತಡವೂ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ಕಾಮಗಾರಿ ಕಾರ್ಮಿಕರ ಪ್ರಕರಣದಲ್ಲೇ ಹೇಳಿದೆ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂನ ಮಾನವ ಸಾಗಣೆ ಅಪರಾಧದಲ್ಲಿ ಬಲಿಪಶುವಿನ ಒಪ್ಪಿಗೆ ಲೆಕ್ಕಕ್ಕಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ.

2021ರ ಜಾಗತಿಕ ಅಂದಾಜಿನಲ್ಲಿ ಬಲವಂತದ ದುಡಿಮೆಯಲ್ಲಿರುವವರು 2.76 ಕೋಟಿ, ಅವರಲ್ಲಿ 1.18 ಕೋಟಿ ಹೆಂಗಸರು ಮತ್ತು ಹುಡುಗಿಯರು. ಮನೆಗೆಲಸದವರ ಹಕ್ಕುಗಳಿಗೆಂದೇ 2011ರಲ್ಲಿ ಬಂದ 189ನೇ ಒಡಂಬಡಿಕೆಗೆ ಗಲ್ಫ್‌ನ ಯಾವ ದೇಶವೂ ಅನುಮೋದನೆ ಕೊಟ್ಟಿಲ್ಲ. ಭಾರತವೂ ಕೊಟ್ಟಿಲ್ಲ. ಅವರ ಮುಂದೆ ಕುಳಿತು ಮಾತಾಡುವಾಗ ನಮ್ಮ ದನಿ ತಗ್ಗಲು ಇದೂ ಒಂದು ಕಾರಣ.

ಗೇಟು ದಾಟಿದವಳು ಅಪರಾಧಿ

ಕಫಾಲಾದ ನಿಜವಾದ ಬಲ ಕಾಣುವುದು ಅವಳು ಓಡಿಹೋದ ದಿನ. ಮಾಲೀಕ ಆನ್‌ಲೈನ್‌ನಲ್ಲೇ ‘ಪರಾರಿ’ ಎಂದು ವರದಿ ಹಾಕಬಹುದು. ಸೌದಿಯಲ್ಲಿ ಇದಕ್ಕೆ ‘ಹುರೂಬ್’ ಎನ್ನುತ್ತಾರೆ. ಒಮ್ಮೆ ಹುರೂಬ್ ಬಿದ್ದರೆ ಅವಳು ಅಕ್ರಮವಾಸಿ. ಹೊಡೆತ ತಿಂದದ್ದು, ಸಂಬಳ ಬಾರದ್ದು ಎಲ್ಲ ಹಿಂದೆ ಸರಿದು, ಅವಳ ಓಟವೇ ಮೊದಲ ಪ್ರಕರಣವಾಗುತ್ತದೆ. ಇದರ ಜೊತೆಗೆ ಚಿನ್ನ ಕದ್ದಳು ಎಂಬ ದೂರು ಬಿದ್ದರಂತೂ ಪ್ರಯಾಣ ನಿಷೇಧ ಬೀಳುತ್ತದೆ, ಆ ಪ್ರಕರಣ ಮುಗಿಯುವವರೆಗೆ ರಾಯಭಾರ ಕಚೇರಿ ಟಿಕೆಟ್ ಕೊಟ್ಟರೂ ವಿಮಾನ ಹತ್ತುವಂತಿಲ್ಲ. ಕಳ್ಳತನದ ದೂರನ್ನು ಸಂಬಳದ ದೂರಿಗೆ ಎದುರು ದಾಳವಾಗಿ ಬಳಸುವುದು ಹಳೆಯ ತಂತ್ರ: ನೀನು ಬಾಕಿ ಬಿಡು, ನಾನು ದೂರು ಬಿಡುತ್ತೇನೆ.

ರಾಯಭಾರ ಕಚೇರಿಯ ಆಶ್ರಯಕ್ಕೆ ತಲುಪಿದರೆ ಕೆಲಸ ಹೀಗೆ ನಡೆಯುತ್ತದೆ. ಮೊದಲು ಮಾಲೀಕರನ್ನು ಕರೆಸಿ ಮಾತುಕತೆ, ಪಾಸ್‌ಪೋರ್ಟ್ ಕೇಳುವುದು. ಕೊಡದಿದ್ದರೆ ಒಮ್ಮೆಯ ಪ್ರಯಾಣಕ್ಕೆ ತುರ್ತು ಪ್ರಮಾಣಪತ್ರ, ಜನ ‘ಔಟ್‌ಪಾಸ್’ ಎನ್ನುವುದು ಇದಕ್ಕೇ. ಆಮೇಲೆ ಸ್ಥಳೀಯ ವಲಸೆ ಇಲಾಖೆಯಿಂದ ನಿರ್ಗಮನ ಮುದ್ರೆ. ಸಂಬಳ ಬಾಕಿಯಿದ್ದರೆ ಕಾರ್ಮಿಕ ಇಲಾಖೆಯ ಮನೆಗೆಲಸ ವಿಭಾಗದಲ್ಲಿ ದೂರು. ಸಿಕ್ಕಿಹಾಕಿಕೊಳ್ಳುವುದು ಮೂರನೆಯ ಹಂತದಲ್ಲಿ. ಔಟ್‌ಪಾಸ್ ಭಾರತದ ಕೈಯಲ್ಲಿದೆ, ನಿರ್ಗಮನ ಮುದ್ರೆ ಅವರ ಕೈಯಲ್ಲಿದೆ. ತಿಂಗಳುಗಟ್ಟಲೆ ಆಶ್ರಯದಲ್ಲೇ ಕಳೆಯುವವರು ಕಾಯುತ್ತಿರುವುದು ಈ ಮುದ್ರೆಗಾಗಿ.

ತಡೆಯಬೇಕೋ, ಕಳುಹಿಸಿ ಕಾಯಬೇಕೋ

ಹೋಗುವುದನ್ನೇ ತಡೆಯಬೇಕು ಎನ್ನುವವರ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಓದುಬರಹ ಕಡಿಮೆಯಿರುವ ಹೆಂಗಸು ಭಾಷೆ ಗೊತ್ತಿಲ್ಲದ ಮನೆಯಲ್ಲಿ ಒಂಟಿಯಾಗುವ ಅಪಾಯ ನಿಜ. 30 ವರ್ಷದ ಮಿತಿಯ ಹಿಂದಿರುವುದು ಇದೇ ಯೋಚನೆ. ಆದರೆ ತಡೆದ ಕಡೆಯಲ್ಲೆಲ್ಲ ಆದದ್ದೇನು? ನೇಪಾಳ 2017ರಲ್ಲಿ ಗಲ್ಫ್ ಮನೆಗೆಲಸಕ್ಕೆ ನಿಷೇಧ ಹಾಕಿತು, ಅಲ್ಲಿನ ಹೆಂಗಸರು ಭಾರತದ ವಿಮಾನ ನಿಲ್ದಾಣಗಳ ಮೂಲಕ ಹೋದರು. ಭಾರತ ಪ್ರತಿ ಮನೆಗೆಲಸದವಳಿಗೆ ಮಾಲೀಕರಿಂದ 2,500 ಡಾಲರ್ ಬ್ಯಾಂಕ್ ಗ್ಯಾರಂಟಿ ಕೇಳಿತು. ಕುವೈತ್ ಒಪ್ಪಲಿಲ್ಲ, ನೇಮಕಾತಿ ನಿಂತಿತು, 2017ರಲ್ಲಿ ಭಾರತ ಆ ದೇಶದ ಮಟ್ಟಿಗೆ ಷರತ್ತನ್ನು ಕೈಬಿಟ್ಟಿತು. ಮನೆಯಲ್ಲಿ ಸಾಲವಿದ್ದು ಅಲ್ಲಿ ಕೆಲಸವೂ ಇದ್ದರೆ ಮುಚ್ಚಿದ ದಾರಿಯ ಪಕ್ಕದಲ್ಲೇ ಕಾಲುದಾರಿ ಬೀಳುತ್ತದೆ, ಅದಕ್ಕೆ ಸುಂಕ ಎತ್ತುವವನು ಏಜೆಂಟ್.

ಎರಡನೆಯ ನಿಲುವು ಸರ್ಕಾರಗಳ ನಡುವಿನ ಒಪ್ಪಂದ. ಭಾರತ 2014ರ ಜನವರಿಯಲ್ಲಿ ಸೌದಿ ಜೊತೆ, 2021ರ ಜೂನ್‌ನಲ್ಲಿ ಕುವೈತ್ ಜೊತೆ ಮನೆಗೆಲಸದವರ ಕುರಿತು ಸಹಿ ಹಾಕಿದೆ. ಇವು ಬೇಕು. ಆದರೆ ಅವುಗಳ ರಕ್ಷಣೆ ತಲುಪುವುದು ಸರಿಯಾದ ದಾರಿಯಲ್ಲಿ ಹೋದವರಿಗೆ. ಫಿಲಿಪ್ಪೀನ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 2018ರಲ್ಲಿ ತನ್ನ ಮನೆಗೆಲಸದವಳೊಬ್ಬಳ ಶವ ಕುವೈತಿನ ಫ್ಲ್ಯಾಟೊಂದರ ಫ್ರೀಜರ್‌ನಲ್ಲಿ ಸಿಕ್ಕಾಗ ಕಳುಹಿಸುವುದನ್ನು ನಿಲ್ಲಿಸಿತು, ಅದೇ ವರ್ಷ ಮೇ ತಿಂಗಳಲ್ಲಿ ಫೋನ್ ಮತ್ತು ಪಾಸ್‌ಪೋರ್ಟ್ ಹಕ್ಕನ್ನು ಒಪ್ಪಂದದಲ್ಲಿ ಬರೆಸಿಕೊಂಡಿತು. ಅದರ ನಿಷೇಧಕ್ಕೆ ಬೆಲೆ ಬಂದದ್ದು ದೊಡ್ಡ ಸಂಖ್ಯೆಯ ಕೆಲಸಗಾರರು ಅಧಿಕೃತ ದಾರಿಯಲ್ಲೇ ಹೋಗುತ್ತಿದ್ದರಿಂದ. ದಾರಿ ನಿಮ್ಮ ಕೈಯಲ್ಲಿದ್ದರೆ ಮಾತ್ರ ಅದನ್ನು ಮುಚ್ಚುವ ಬೆದರಿಕೆಗೆ ಅರ್ಥ.

ಗಲ್ಫ್ ಮಾಲೀಕರ ವಾದವೂ ಒಂದಿದೆ: ಮುಂಗಡ ಹಣ ಕೊಟ್ಟವರಿಗೆ ರಕ್ಷಣೆ ಬೇಡವೇ? ಬೇಕು. ಅದನ್ನು ವಿಮೆಯಿಂದಲೂ ಕೊಡಬಹುದು, ಸೌದಿ ಒಪ್ಪಂದದ ಜೊತೆಗೇ ವಿಮೆಯನ್ನು ಜೋಡಿಸುವ ಪ್ರಯೋಗ ಮಾಡಿದೆ. ಹಣಕಾಸಿನ ನಷ್ಟಕ್ಕೆ ಒಬ್ಬ ಮನುಷ್ಯಳ ನಿರ್ಗಮನ ಮುದ್ರೆಯನ್ನು ಒತ್ತೆಯಾಗಿ ಇಟ್ಟುಕೊಳ್ಳುವುದು ಬೇರೆಯೇ ಮಾತು.

ಹೊರಡುವ ಮುನ್ನ, ಸಿಕ್ಕಿಬಿದ್ದ ಮೇಲೆ

ವೀಸಾ ಕಾಗದದಲ್ಲಿ ‘ವಿಸಿಟ್’ ಅಥವಾ ‘ಟೂರಿಸ್ಟ್’ ಎಂದಿದ್ದರೆ ಅದು ಕೆಲಸದ ವೀಸಾ ಅಲ್ಲ, ಏಜೆಂಟ್ ಏನೇ ಹೇಳಲಿ. ಯಾರ ಬಳಿ ಬೇಕಾದರೂ ದುಡಿಯಬಹುದು ಎಂದು ಏಜೆಂಟರು ಹೇಳುವ ‘ಆಜಾದ್ ವೀಸಾ’, ‘ಫ್ರೀ ವೀಸಾ’ ಎಂಬವು ಯಾವ ದೇಶದ ಕಾನೂನಿನಲ್ಲೂ ಇಲ್ಲ. ಏಜೆಂಟ್ ನೋಂದಾಯಿತನೇ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಅನುಮಾನವಿದ್ದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090ಗೆ ಕೇಳಬಹುದು.

ಮನೆಯವರ ಬಳಿ ಇರಲೇಬೇಕಾದವು: ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಟಿಕೆಟ್, ಏಜೆಂಟ್ ಜೊತೆಗಿನ ವಾಟ್ಸ್ಆ್ಯಪ್ ಸಂದೇಶಗಳು, ಹಣ ಹೋದ ಯುಪಿಐ ದಾಖಲೆ. ಆಕೆ ಆ ಮನೆ ಸೇರಿದ ಮೊದಲ ದಿನವೇ, ಫೋನ್ ಕೈಯಲ್ಲಿರುವಾಗಲೇ, ಲೊಕೇಶನ್ ಕಳುಹಿಸಿರಬೇಕು. ಮಾಲೀಕರ ಫೋನ್ ಸಂಖ್ಯೆ, ಅವರ ಗುರುತಿನ ಸಂಖ್ಯೆ ಇರುವ ಅವಳ ಇಖಾಮಾದ ಫೋಟೊ ಸಿಕ್ಕರೆ ಇನ್ನೂ ಒಳ್ಳೆಯದು. ಇವಿಲ್ಲದೆ ‘ರಿಯಾದ್‌ನಲ್ಲಿ ಎಲ್ಲೋ ಇದ್ದಾಳೆ’ ಎಂಬ ದೂರಿನಿಂದ ಯಾರನ್ನೂ ಹುಡುಕಲಾಗುವುದಿಲ್ಲ.

ತೊಂದರೆ ಶುರುವಾದರೆ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಿ ಅದರ ಸಂಖ್ಯೆ ಇಟ್ಟುಕೊಳ್ಳಬೇಕು. ಟಿಕೆಟ್ಟಿಗೆ, ವಕೀಲರಿಗೆ ಹಣವಿಲ್ಲದವರಿಗೆ ರಾಯಭಾರ ಕಚೇರಿಗಳ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಂ ಪ್ರಕಾರ ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಅದನ್ನು ಮಾಲೀಕರು ಒತ್ತೆ ಇಟ್ಟುಕೊಳ್ಳಲು ಬರುವುದಿಲ್ಲ ಎಂಬುದನ್ನು ದೂರಿನಲ್ಲಿ ಬರೆಯಬಹುದು. ಅದೇ ದಿನ ಇಲ್ಲಿಯೂ ಏಜೆಂಟ್ ಮೇಲೆ ಪೊಲೀಸ್ ದೂರು ಕೊಡಬೇಕು. ಅಲ್ಲಿನ ಕಚೇರಿ ಬಗ್ಗುವುದು ಬಹಳ ಸಲ ಇಲ್ಲಿನ ಏಜೆಂಟ್ ಹೆದರಿದಾಗ. ಅವನ ಮೊದಲ ಪ್ರತಿತಂತ್ರ ‘ನಾನು ಚೆನ್ನಾಗಿದ್ದೇನೆ’ ಎಂದು ಅವಳಿಂದ ವೀಡಿಯೊ ಮಾಡಿಸುವುದು, ಎರಡನೆಯದು ‘ದೂರು ಹಿಂದೆ ತೆಗೆದರೆ ನಾಳೆಯೇ ಕಳುಹಿಸುತ್ತೇನೆ’ ಎನ್ನುವುದು. ಅವಳು ವಿಮಾನ ಇಳಿಯುವ ಮುನ್ನ ದೂರು ಹಿಂಪಡೆದರೆ ಕೈಯಲ್ಲಿದ್ದ ಒಂದೇ ಹಿಡಿತವೂ ಹೋಯಿತು.

ವಾಪಸು ಬಂದ ಮೇಲೆ ಉಳಿಯುವ ಬಾಕಿ

1983ರ ಕಾಯ್ದೆಯಲ್ಲಿ ಅಕ್ರಮ ಏಜೆಂಟನಿಗೆ ಎರಡು ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. ದಂಡದ ಮೊತ್ತ ನೋಡಿದರೆ ಕಾಯ್ದೆಯ ವಯಸ್ಸು ತಿಳಿಯುತ್ತದೆ. ಅದರ 27ನೇ ಕಲಂ ಪ್ರಕಾರ ಮೊಕದ್ದಮೆ ಹೂಡಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ತಿಂಗಳುಗಟ್ಟಲೆ ಕಡತ ನಿಲ್ಲುವುದು ಇಲ್ಲಿ. ಆದರೆ ಅದೇ ಕಲಂನಲ್ಲಿ ಒಂದು ವಿನಾಯಿತಿ ಇದೆ: ವಲಸೆ ಹೋದವರೇ ಅಥವಾ ಅವರ ಪರವಾಗಿ ತಂದೆ, ತಾಯಿ, ಗಂಡ, ಮಕ್ಕಳು, ಒಡಹುಟ್ಟಿದವರು ದೂರು ಕೊಟ್ಟರೆ ಆ ಅನುಮತಿ ಬೇಕಿಲ್ಲ. ಊರಿನ ಮುಖಂಡರ ಹೆಸರಲ್ಲಿ ಅರ್ಜಿ ಕೊಡುವುದಕ್ಕೂ ಗಂಡನೋ ಮಗಳೋ ಸಹಿ ಹಾಕಿ ಕೊಡುವುದಕ್ಕೂ ಇರುವ ವ್ಯತ್ಯಾಸ ಇದು. ಹೊಸ ಕರಡು ಕಾಯ್ದೆಯಾಗುವವರೆಗೆ ಇದೇ ಚಾಲ್ತಿಯಲ್ಲಿರುತ್ತದೆ. ಜೊತೆಗೆ ನ್ಯಾಯ ಸಂಹಿತೆಯ 143ನೇ ಕಲಂ ಹಾಕಿಸಿದರೆ ಶಿಕ್ಷೆ ಕನಿಷ್ಠ ಏಳು ವರ್ಷಕ್ಕೆ ಏರುತ್ತದೆ, ಪೊಲೀಸರು ಬರೀ ವಂಚನೆಯ ಕಲಂ ಹಾಕಿ ಕೈ ತೊಳೆದುಕೊಳ್ಳಲು ನೋಡಿದಾಗ ಇದನ್ನು ಕೇಳಿ ಬರೆಸಬೇಕು.

ಸಂಬಳದ ಬಾಕಿಯ ಕತೆ ಇನ್ನೂ ಕಷ್ಟ. ಒಮ್ಮೆ ವಿಮಾನ ಹತ್ತಿದ ಮೇಲೆ ಅಲ್ಲಿನ ಇಲಾಖೆಯ ಮುಂದೆ ಹಾಜರಾಗುವವರೇ ಇರುವುದಿಲ್ಲ, ದೂರು ತಾನಾಗಿಯೇ ಮುಚ್ಚಿಹೋಗುತ್ತದೆ. ಆದ್ದರಿಂದ ಹೊರಡುವ ಮುನ್ನ, ಇನ್ನೂ ಆಶ್ರಯದಲ್ಲಿರುವಾಗಲೇ, ಬಾಕಿಯ ಲೆಕ್ಕವನ್ನು ತಿಂಗಳುವಾರು ಬರೆದು ದೂರು ದಾಖಲಿಸಿ, ಪರವಾಗಿ ಹಾಜರಾಗಲು ರಾಯಭಾರ ಕಚೇರಿಯವರಿಗೋ ಅವರು ಸೂಚಿಸುವ ವಕೀಲರಿಗೋ ಅಧಿಕಾರಪತ್ರ ಬರೆದುಕೊಡಬೇಕು. ಊರು ಸೇರುವ ಆತುರದಲ್ಲಿ ‘ನನಗೆ ಬರಬೇಕಾದದ್ದು ಏನೂ ಇಲ್ಲ’ ಎಂಬ ಅರಬಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದವರಿಗೆ ಇಲ್ಲಿಂದ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ. ಸಂಬಳ ಜಾಲತಾಣದ ಮೂಲಕವೇ ಹೋಗಬೇಕೆಂಬ ಸೌದಿಯ ನಿಯಮ ನಿಜಕ್ಕೂ ಜಾರಿಯಾದರೆ ಬದಲಾಗುವುದು ಈ ಒಂದು ಜಾಗ: ಹೆಬ್ಬೆಟ್ಟಿನ ಎದುರು ಇಡಲು ಅವಳ ಬಳಿಯೂ ಒಂದು ದಾಖಲೆ ಇರುತ್ತದೆ.